ನೊರೆ ನೀರಿಗೆ ಮಕ್ಕಳನ್ನು ಕಳುಹಿಸುವ ಮುನ್ನ

ಮಳೆಗಾಲದಲ್ಲಿ ಹೊಳೆಯ ಕಡೆ ತಲೆ ಹಾಕಬೇಡ ಎಂದು ಮಕ್ಕಳಿಗೆ ಹೇಳದ ತಾಯಿ ನಮ್ಮ ಜಿಲ್ಲೆಯಲ್ಲಿ ಇರಲಾರಳು. ಊಟ ಬಡಿಸುತ್ತ ಒಮ್ಮೆ, ಶಾಲೆಗೆ ಕಳುಹಿಸುತ್ತ ಇನ್ನೊಮ್ಮೆ, ಆಟಿ ತಿಂಗಳು ಮುಗಿಯುವವರೆಗೂ ಈ ಮಾತು ನಡೆದೇ ಇರುತ್ತದೆ. ಅಂಥ ಮನೆಯ ಹುಡುಗ ಒಂದು ಸಂಜೆ ಕಾಲೇಜಿನಿಂದ ಬಂದು ಅಮ್ಮನ ಕೈಗೆ ಒಂದು ಕಾಗದ ಕೊಡುತ್ತಾನೆ. ‘ಭಾನುವಾರ ಸೀತಾನದಿಯಲ್ಲಿ ರಾಫ್ಟಿಂಗ್. ನನ್ನ ಮಗ ತನ್ನ ಸ್ವಂತ ಜವಾಬ್ದಾರಿಯಲ್ಲಿ ಭಾಗವಹಿಸಲು ಒಪ್ಪಿಗೆ ಇದೆ.’ ಅದರ ಕೆಳಗೆ ಚುಕ್ಕೆ ಚುಕ್ಕೆಯ ಗೆರೆ, ಗೆರೆಯ ಕೆಳಗೆ ‘ಪೋಷಕರ ಸಹಿ’.

‘ಅಪ್ಪನನ್ನು ಕೇಳು’ ಎನ್ನುತ್ತಾಳೆ ತಾಯಿ. ಅಪ್ಪ ಪೇಪರಿನಿಂದ ತಲೆ ಎತ್ತದೆ ‘ಅಮ್ಮ ಏನು ಹೇಳಿದಳು?’ ಎನ್ನುತ್ತಾರೆ. ‘ಎಲ್ಲರೂ ಹೋಗ್ತಾರೆ ಅಪ್ಪಾ, ನಾನೊಬ್ಬನೇ ಇಲ್ಲ ಅಂದ್ರೆ ಹೇಗೆ?’ ಎಂದು ಹುಡುಗನ ರಾಗ ಶುರುವಾಗುತ್ತದೆ. ಬನ್ನಂಜೆ, ಮಣಿಪಾಲ, ಕಾರ್ಕಳಗಳ ಮನೆಗಳಲ್ಲಿ ಇದು ಈಗ ಹೊಸ ದೃಶ್ಯವಲ್ಲ. ಹೆಚ್ಚಿನ ಮನೆಗಳಲ್ಲಿ ಕೊನೆಗೆ ಆಗುವುದು ಎರಡರಲ್ಲೊಂದು. ಏನನ್ನೂ ಕೇಳದೆ ಸಹಿ ಹಾಕುತ್ತಾರೆ, ಇಲ್ಲವೇ ಏನನ್ನೂ ಕೇಳದೆ ಬೇಡವೆನ್ನುತ್ತಾರೆ. ನನ್ನ ಪ್ರಕಾರ ಎರಡೂ ಸರಿಯಲ್ಲ. ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಅವನ್ನು ಕೇಳಬೇಕಾದರೆ ಹೊಳೆಯ ಬಗ್ಗೆ ಸ್ವಲ್ಪ ತಿಳಿದಿರಬೇಕು. ಹೇಗೂ ಆ ಒಪ್ಪಿಗೆ ಪತ್ರವನ್ನು ಹೊಳೆ ಓದುವುದಿಲ್ಲ!

ಆಲ್ಪ್ಸ್‌ನ ತಾಯಂದಿರು ಹೇಗೆ ಒಪ್ಪುತ್ತಾರೆ?

ರಾಫ್ಟಿಂಗ್ ಎಂದರೆ ಗಾಳಿ ತುಂಬಿದ ರಬ್ಬರಿನ ತೆಪ್ಪದಲ್ಲಿ ಕುಳಿತು, ಕೈಯಲ್ಲೊಂದು ಹುಟ್ಟು ಹಿಡಿದು, ಬಂಡೆಗಳ ನಡುವೆ ನೊರೆಯೆಬ್ಬಿಸುತ್ತ ಹರಿಯುವ ನೀರಿನಲ್ಲಿ ಇಳಿದು ಹೋಗುವುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಉಳಿದ ರಬ್ಬರ್ ದೋಣಿಗಳು ಅಮೆರಿಕದಲ್ಲಿ ಅಗ್ಗಕ್ಕೆ ಮಾರಾಟವಾದವು. ಅವನ್ನು ಕೊಂಡವರು ನದಿಗಿಳಿಸಿ ಇದನ್ನೊಂದು ಆಟವಾಗಿ ಬೆಳೆಸಿದರು. ನಮ್ಮ ದೇಶದಲ್ಲಿ ಋಷಿಕೇಶದ ಗಂಗೆ ಇದಕ್ಕೆ ಹೆಸರಾದದ್ದು 1980ರ ದಶಕದಿಂದೀಚೆಗೆ.

ಯುರೋಪಿನ ಆಲ್ಪ್ಸ್ ಪರ್ವತಗಳ ಊರುಗಳಲ್ಲಿ ಇದು ಇಡೀ ಕುಟುಂಬದ ಆಟ. ಸ್ವಿಟ್ಜರ್ಲೆಂಡಿನ ಪೂರ್ವಭಾಗದಲ್ಲಿ ಇಲಾಂಟ್ಸ್ ಎಂಬ ಪುಟ್ಟ ಪಟ್ಟಣವಿದೆ. ರೈನ್ ನದಿಯ ಎರಡು ಮೂಲ ಶಾಖೆಗಳಲ್ಲಿ ಒಂದಾದ ಫೋರ್ಡರ್‌ರೈನ್ ಅಲ್ಲಿಂದ ರೈಶೆನಾವ್ ವರೆಗೆ ಒಂದು ದೊಡ್ಡ ಕಮರಿಯ ಮೂಲಕ ಹರಿಯುತ್ತದೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿ ಬೆಟ್ಟವೊಂದರ ಭಾರೀ ಪಾಲು ಕುಸಿದು ನದಿಯನ್ನೇ ಮುಚ್ಚಿಬಿಟ್ಟಿತ್ತಂತೆ. ನದಿ ಆ ಕಲ್ಲುರಾಶಿಯನ್ನು ಕೊರೆದುಕೊಂಡು ದಾರಿ ಮಾಡಿಕೊಂಡಿತು. ಈಗ ಎರಡೂ ಬದಿಗೆ ಬಿಳಿ ಕಲ್ಲಿನ ಗೋಡೆಗಳು, ಅಂಚಿನಲ್ಲಿ ಸಾಗುವ ಕೆಂಪು ರೈಲು, ಕೆಳಗೆ ನೀರಿನಲ್ಲಿ ಅಪ್ಪ, ಅಮ್ಮ, ಮಕ್ಕಳು ಕುಳಿತ ತೆಪ್ಪಗಳು. ಆಸ್ಟ್ರಿಯಾದ ಟಿರೋಲ್ ಪ್ರಾಂತದ ಇಮ್ಸ್ಟ್ ಎಂಬಲ್ಲಿ ಇನ್ ನದಿಯ ಮೇಲೂ ಇದೇ ನೋಟ. ನದಿಯ ಸೌಮ್ಯ ಭಾಗಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳನ್ನೂ ಕೂರಿಸಿಕೊಳ್ಳುತ್ತಾರೆ.

ಹಾಗಾದರೆ ಆಲ್ಪ್ಸ್‌ನ ನದಿ ಸಾಧುವೇ? ಖಂಡಿತ ಅಲ್ಲ. ಹಿಮ ಕರಗಿ ಬರುವ ನೀರು ಅದು. ಬೇಸಗೆಯಲ್ಲೂ ಕೈಯಿಟ್ಟರೆ ಬೆರಳು ಮರಗಟ್ಟುವಷ್ಟು ತಂಪು. ಆದ್ದರಿಂದಲೇ ಎಲ್ಲರಿಗೂ ಮೈಗೆ ಅಂಟುವ ದಪ್ಪ ರಬ್ಬರಿನ ಉಡುಪು ಕಡ್ಡಾಯ. ಆದರೆ ಆ ನದಿಗೆ ಒಂದು ಗುಣವಿದೆ, ಅದಕ್ಕೆ ದಿನಚರಿ ಇದೆ. ಬಿಸಿಲೇರಿದಂತೆ ಹಿಮ ಕರಗುತ್ತದೆ, ಕೆಳಗಿನ ಕಣಿವೆಯಲ್ಲಿ ಮಧ್ಯಾಹ್ನ ಕಳೆದ ಮೇಲೆ ನೀರು ಏರುತ್ತದೆ, ರಾತ್ರಿಯ ಚಳಿಗೆ ಇಳಿಯುತ್ತದೆ. ನದಿಯ ಮಟ್ಟವನ್ನು ಸರಕಾರದ ಮಾಪಕಗಳು ಅಳೆಯುತ್ತಲೇ ಇರುತ್ತವೆ, ಯಾರು ಬೇಕಾದರೂ ಅದನ್ನು ನೋಡಬಹುದು. ಮಟ್ಟ ಇಷ್ಟು ದಾಟಿದರೆ ಇಂದು ಮಕ್ಕಳಿಲ್ಲ, ಇನ್ನಷ್ಟು ದಾಟಿದರೆ ಇಂದು ಯಾರೂ ಇಲ್ಲ. ಹಣ ಕೊಟ್ಟು ಬಂದವರಿಗೂ ಅದೇ ಉತ್ತರ.

ಈ ಶಿಸ್ತು ಅಲ್ಲಿಯವರಿಗೂ ಪುಕ್ಕಟೆಯಾಗಿ ಬಂದದ್ದಲ್ಲ. 1999ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಸಮೀಪದ ಸಾಕ್ಸೆಟೆನ್ ತೊರೆಯಲ್ಲಿ ಯುವ ಪ್ರವಾಸಿಗಳು ನೀರಿನ ಜೊತೆಗೇ ಕಮರಿ ಇಳಿಯುವ ಆಟಕ್ಕೆ ಹೋಗಿದ್ದರು. ಮೇಲೆ ಬೆಟ್ಟದಲ್ಲಿ ಗುಡುಗು ಮಳೆ ಸುರಿಯಿತು. ಇಕ್ಕಟ್ಟಾದ ಕಮರಿಯಲ್ಲಿ ನೀರು ಒಮ್ಮೆಗೇ ಗೋಡೆಯಂತೆ ನುಗ್ಗಿ ಬಂತು. ಮೂವರು ಮಾರ್ಗದರ್ಶಕರೂ ಸೇರಿ 21 ಮಂದಿ ಸತ್ತರು. ಅದಾದ ಮೇಲೆ ವರ್ಷಗಟ್ಟಲೆ ಚರ್ಚೆ ನಡೆದು, 2014ರಿಂದ ಆ ದೇಶದಲ್ಲಿ ಇಂಥ ಆಟಗಳನ್ನು ನಡೆಸುವವರಿಗೆ ಪರವಾನಗಿ ಬೇಕೆಂಬ ಪ್ರತ್ಯೇಕ ಕಾನೂನೇ ಜಾರಿಗೆ ಬಂತು.

ಮೇಲೆ ಮಳೆ, ಕೆಳಗೆ ಆಟ ಎಂಬ ಈ ಜೋಡಿಯನ್ನು ಸ್ವಲ್ಪ ನೆನಪಿನಲ್ಲಿಡಿ. ನಮ್ಮ ಕಥೆ ಇರುವುದೇ ಅದರಲ್ಲಿ.

ಆಗುಂಬೆಯ ಮಗಳು

ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಪೆರ್ಡೂರು ದಾಟಿ ಹೆಬ್ರಿಗೆ ಹೋದರೆ, ಅಲ್ಲಿಂದ ಆಗುಂಬೆ ದಾರಿಯಲ್ಲಿ ಸ್ವಲ್ಪ ಮುಂದೆ ಸೀತಾನದಿ ಎಂಬ ಹೆಸರಿನದೇ ಊರು. ಸೋಮೇಶ್ವರ ಅಭಯಾರಣ್ಯದ ಮರಗಳ ಕೆಳಗೆ ನದಿ ಕಾಣುತ್ತದೆ. ಮಾರ್ಚ್‌ನಲ್ಲಿ ನೋಡಿದರೆ ‘ಇದರಲ್ಲೇನು ರಾಫ್ಟಿಂಗ್, ಪಂಚೆ ಎತ್ತಿ ದಾಟಬಹುದಲ್ಲ’ ಅನ್ನಿಸೀತು. ಬರೀ ಬಂಡೆ, ನಡುನಡುವೆ ತಿಳಿನೀರಿನ ಗುಂಡಿಗಳು, ಮೀನುಗಳು. ಜುಲೈಯಲ್ಲಿ ಅದೇ ಜಾಗದಲ್ಲಿ ಮಾತನಾಡಿದರೆ ಪಕ್ಕದವರಿಗೆ ಕೇಳಿಸುವುದಿಲ್ಲ.

ಸೀತೆ ಹುಟ್ಟುವುದು ಆಗುಂಬೆ ಸಮೀಪ, ನರಸಿಂಹ ಪರ್ವತದ ಸೀಮೆಯಲ್ಲಿ. ಬರ್ಕಣದಲ್ಲಿ ಸುಮಾರು 850 ಅಡಿ ಧುಮುಕಿ, ಘಟ್ಟದ ಬುಡಕ್ಕೆ ಬಂದು, ಹೆಬ್ರಿ ಕಡೆಯ ಕಾಡು ತೋಟಗಳನ್ನು ಹಾದು, ಬಾರ್ಕೂರನ್ನು ಸುತ್ತಿ, ಹಂಗಾರಕಟ್ಟೆ ಹಾಗೂ ಕೋಡಿಬೆಂಗ್ರೆಯ ಅಳಿವೆಯಲ್ಲಿ ಸ್ವರ್ಣೆಯ ಜೊತೆಗೆ ಕಡಲು ಸೇರುತ್ತಾಳೆ. ದೂರವೇನೂ ಹೆಚ್ಚಲ್ಲ. ಆದರೆ ಆಕೆಯ ತವರುಮನೆ ಆಗುಂಬೆ ಎಂಬುದನ್ನು ಮರೆಯಬಾರದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4508 ಮಿ.ಮೀ. ಸುರಿದ ದಾಖಲೆಯಿದೆ. ಆಲ್ಪ್ಸ್ ಕಣಿವೆಯ ಎಷ್ಟೋ ಊರುಗಳಲ್ಲಿ ಇಡೀ ವರ್ಷಕ್ಕೆ ಬೀಳುವುದು ಒಂದು ಸಾವಿರದ ಆಸುಪಾಸು!

ಹಾಗಾಗಿ ನಮ್ಮ ಹೊಳೆಗೆ ಹಿಮದ ನದಿಯ ದಿನಚರಿ ಇಲ್ಲ. ಹೆಬ್ರಿಯಲ್ಲಿ ಬಿಸಿಲು ಇಣುಕಿದಾಗಲೇ ಆಗುಂಬೆಯ ಮೇಲೆ ಮೋಡ ಒಡೆದಿರಬಹುದು. ಆ ನೀರು ಕೆಲವೇ ಗಂಟೆಗಳಲ್ಲಿ ಕೆಳಗಿರುತ್ತದೆ. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ತುಳುವಿನಲ್ಲಿ ‘ಬೊಳ್ಳ’ ಎಂಬ ಒಂದೇ ಶಬ್ದದಲ್ಲಿ ಆ ಏರುನೀರಿನ ಬಣ್ಣ, ಸದ್ದು, ಹೆದರಿಕೆ ಎಲ್ಲವೂ ಇದೆ.

ಈ ಹೊಳೆಯಲ್ಲಿ ಮಳೆಗಾಲದ ರಾಫ್ಟಿಂಗ್ ನಡೆಯುತ್ತ ಬಂದಿದೆ. ಜೂನ್ ಕೊನೆಯಿಂದ ಸೆಪ್ಟೆಂಬರ್ ವರೆಗೆ ಹಂಗಾಮು, ಅದೂ ನೀರು ನೋಡಿಕೊಂಡು, ಇಲಾಖೆಗಳ ಅನುಮತಿ ನೋಡಿಕೊಂಡು. ನೊರೆ ನೀರಿಗೆ ಜಗತ್ತಿನಾದ್ಯಂತ ಒಂದರಿಂದ ಆರರವರೆಗೆ ದರ್ಜೆ ಕೊಡುತ್ತಾರೆ. ಒಂದನೆಯದು ಸಣ್ಣ ಅಲೆಗಳ ನೀರು, ಆರನೆಯದು ಪರಿಣತರೂ ಇಳಿಯಬಾರದ್ದು. ಕುಟುಂಬಕ್ಕೆ ಹೊಂದುವುದು ಒಂದು, ಎರಡು. ಒಳ್ಳೆಯ ಮಾರ್ಗದರ್ಶಕನಿದ್ದರೆ, ಮಕ್ಕಳು ಸ್ವಲ್ಪ ದೊಡ್ಡವರಾಗಿದ್ದರೆ ಮೂರು. ಸೀತಾನದಿಯನ್ನು ಸಾಮಾನ್ಯವಾಗಿ ಎರಡು ಮೂರು ಎನ್ನುತ್ತಾರೆ. ಆದರೆ ದರ್ಜೆ ನದಿಗೆ ಹಚ್ಚೆ ಹೊಯ್ದದ್ದಲ್ಲ. ಶನಿವಾರ ಎರಡನೆಯ ದರ್ಜೆಯಾಗಿದ್ದ ಜಾಗ ಭಾನುವಾರ ನಾಲ್ಕಾಗಬಹುದು. ‘ಈ ನದಿ ಎಷ್ಟನೇ ದರ್ಜೆ?’ ಎಂದು ಕೇಳಿದರೆ ಪ್ರಯೋಜನವಿಲ್ಲ, ‘ಇವತ್ತು ಎಷ್ಟು?’ ಎಂದು ಕೇಳಬೇಕು.

ನೀರನ್ನು ಓದುವ ವಿದ್ಯೆ

ವಿದ್ಯಾರ್ಥಿಗಳಿಗೆ ಈ ಭಾಗ. ಪಠ್ಯಪುಸ್ತಕದಲ್ಲಿ ಓದಿದ ಭೌತಶಾಸ್ತ್ರ ಇಲ್ಲಿ ಮೈಗೇ ತಾಗುತ್ತದೆ.

ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದು ನೂಕುವ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಗಂಟೆಗೆ ಐದು ಕಿಲೋಮೀಟರ್ ವೇಗದ ನೀರಿನಲ್ಲಿ ನಿಂತವನ ಕಾಲುಗಳ ಮೇಲೆ ಬೀಳುವ ಒತ್ತಡ ಸುಮಾರು ಏಳೆಂಟು ಕಿಲೋ ತೂಕದಷ್ಟು. ಹತ್ತು ಕಿಲೋಮೀಟರ್ ಆದರೆ ಮೂವತ್ತು ಕಿಲೋ! ಹತ್ತು ಕಿಲೋಮೀಟರ್ ಎಂದರೆ ಸೈಕಲ್ ನಿಧಾನವಾಗಿ ತುಳಿಯುವ ವೇಗ, ಅಷ್ಟೆ. ‘ಮೊಣಕಾಲುದ್ದ ನೀರು, ಏನಾದೀತು’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ತೆಪ್ಪದವರು ಮೊದಲು ಹುಡುಕುವುದು ನಾಲಿಗೆಯನ್ನು. ಎರಡು ಬಂಡೆಗಳ ನಡುವೆ ನುಣುಪಾಗಿ, ಕೆಳಮುಖವಾಗಿ ಚೂಪಾಗುವ ನೀರು ಕಂಡರೆ ಅದು ದಾರಿ. ಚೂಪು ನಿಮ್ಮ ಕಡೆಗೇ ಇದ್ದು ನೀರು ಎರಡು ಬದಿಗೆ ಒಡೆದು ಹೋಗುತ್ತಿದ್ದರೆ ಅಲ್ಲೊಂದು ಬಂಡೆ ಅಡಗಿದೆ. ದೊಡ್ಡ ಬಂಡೆಯ ಹಿಂದೆ, ಅಂದರೆ ಕೆಳಬದಿಗೆ, ನೀರು ತಿರುಗಿ ಮೇಲ್ಮುಖವಾಗಿ ನಿಧಾನಕ್ಕೆ ಹರಿಯುತ್ತದೆ. ಅದು ವಿಶ್ರಾಂತಿಯ ತಾಣ, ಬಸ್ ನಿಲ್ದಾಣವಿದ್ದಂತೆ. ನೀರಿಗೆ ಬಿದ್ದವನು ಈಜಿ ತಲುಪಬೇಕಾದದ್ದು ಅಲ್ಲಿಗೇ. ನೀರು ಬಂಡೆಯ ಮೇಲೇರಿ ಹಿಂದೆ ಧುಮುಕುವಲ್ಲಿ ಮಾತ್ರ ಬೇರೆ ಕಥೆ. ಅಲ್ಲಿ ಮೇಲ್ಮೈ ನೀರು ಹಿಂದಕ್ಕೆ ಮಗುಚಿಕೊಳ್ಳುತ್ತದೆ, ಸಿಕ್ಕಿದ್ದನ್ನು ಉರುಳಿಸುತ್ತಲೇ ಇರುತ್ತದೆ.

ಇದೆಲ್ಲಕ್ಕಿಂತ ಕೆಟ್ಟದ್ದು ನೋಡಲು ಏನೂ ಅಲ್ಲದ್ದು. ದಡದಿಂದ ಹೊಳೆಗೆ ವಾಲಿದ ಬಿದಿರಿನ ಹಿಂಡಲು, ಮುಂಡುಗದ ಪೊದೆ, ಅಡ್ಡಬಿದ್ದ ಮರ. ಗಂಜಿ ಬಸಿದಂತೆ ನೋಡಿ, ತಿಳಿ ಇಳಿದು ಹೋಗುತ್ತದೆ, ಅನ್ನ ನಿಲ್ಲುತ್ತದೆ. ಕೊಂಬೆಗಳ ನಡುವೆ ನೀರು ಹೋಗುತ್ತದೆ, ಮನುಷ್ಯ ಸಿಕ್ಕಿಹಾಕಿಕೊಳ್ಳುತ್ತಾನೆ. ನೊರೆ, ಅಬ್ಬರ ಯಾವುದೂ ಅಲ್ಲಿರುವುದಿಲ್ಲ. ಆಲ್ಪ್ಸ್‌ನ ತಿಳಿನೀರಿನಲ್ಲಿ ಇಂಥದ್ದು ದೂರದಿಂದ ಕಂಡೀತು. ನಮ್ಮ ಕೆಂಪು ನೀರಿನಲ್ಲಿ ಅರ್ಧ ಮುಳುಗಿದ ಕೊಂಬೆ ಕಾಣುವುದೇ ಕಷ್ಟ. ಹಂಗಾಮು ಶುರುವಾಗುವ ಮೊದಲು, ಪ್ರತಿ ದೊಡ್ಡ ನೆರೆ ಇಳಿದ ಮೇಲೆ, ದಾರಿಯನ್ನು ನಡೆದು ನೋಡಿ ಮರ ಬಿದ್ದಿದೆಯೇ ಎಂದು ಪರೀಕ್ಷಿಸುವವರೇ ನಿಜವಾದ ಮಾರ್ಗದರ್ಶಕರು.

ನೀರಿಗೆ ಬಿದ್ದರೆ? ಕಾಲೂರಿ ನಿಲ್ಲಲು ಹೋಗಬಾರದು. ಬಂಡೆಗಳ ಸಂದಿಗೆ ಪಾದ ಸಿಕ್ಕಿದರೆ ಹಿಂದಿನಿಂದ ಬರುವ ನೀರು ಮುಖ ಅಡಿಯಾಗಿ ಮಲಗಿಸಿಬಿಡುತ್ತದೆ, ಸೊಂಟದ ಮಟ್ಟದ ನೀರಿನಲ್ಲೂ. ಬೆನ್ನ ಮೇಲೆ ಮಲಗಿ, ಕಾಲುಗಳನ್ನು ಹೊಳೆ ಹರಿಯುವ ದಿಕ್ಕಿಗೆ ಚಾಚಿ, ಹೆಬ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ಬಂಡೆ ಬಂದರೆ ಕಾಲಿನಿಂದ ಒದ್ದು ಸರಿಯಬಹುದು. ನೀರು ಸ್ವಲ್ಪ ಸಡಿಲವಾದೊಡನೆ ಮಗುಚಿ ದಡಕ್ಕೆ ಈಜಬೇಕು. ಎದುರಿಗೆ ಅಡ್ಡಮರ ಕಂಡರೆ ಮಾತ್ರ ಈ ನಿಯಮ ಉಲ್ಟಾ. ತಲೆ ಮುಂದು ಮಾಡಿ, ಕೈಗಳಿಂದ ಮರ ಹಿಡಿದು, ಮೈಯನ್ನು ಅದರ ಮೇಲಕ್ಕೆ ಎಳೆದುಕೊಳ್ಳಬೇಕು. ಕೆಳಗೆ ನುಸುಳುವ ಯೋಚನೆಯೇ ಬೇಡ.

ತೇಲುವ ತೆಂಗಿನಕಾಯಿ ಹೇಳುವ ಪಾಠ

ಇಷ್ಟೆಲ್ಲ ರಾಫ್ಟಿಂಗಿಗೆ ಹೋಗುವವರಿಗೆ ಮಾತ್ರವಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ನಮ್ಮೂರಿನಲ್ಲೇ ಇದೆ. ಸ್ವರ್ಣೆ, ಸೀತೆಗಳಿಗೆ, ಅವಕ್ಕೆ ಸೇರುವ ತೋಡುಗಳಿಗೆ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿದ್ದೇವೆ. ಉಡುಪಿ ನಗರ ಕುಡಿಯುವ ನೀರಿಗೆ ನಂಬಿರುವ ಬಜೆ ಅಣೆಕಟ್ಟೂ ಸ್ವರ್ಣೆಯ ಮೇಲಿನದೇ. ಮಳೆ ಕಳೆದ ಮೇಲೆ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ, ಮಳೆಗೆ ಮೊದಲು ತೆಗೆಯುತ್ತಾರೆ. ಹಲಗೆಯ ಮೇಲಿಂದ ನೀರು ಹಾಳೆಯಂತೆ ಇಳಿಯುವಾಗ ನೋಡಲು ಬಲು ಚೆಂದ. ಹತ್ತನೇ ತರಗತಿಯ ಹುಡುಗರಿಗೆ ಪರೀಕ್ಷೆ ಮುಗಿದ ಮಧ್ಯಾಹ್ನ ಅದರ ಕೆಳಗೆ ಸ್ನಾನ ಮಾಡುವ ಆಸೆ.

ಅಲ್ಲಿ ನಡೆಯುವುದು ಇದು. ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ, ಸ್ವಲ್ಪ ಮುಂದೆ ಮೇಲೆದ್ದು, ಅದರಲ್ಲಿ ಒಂದು ಪಾಲು ಮೇಲ್ಮೈಯಲ್ಲಿ ವಾಪಸು ಅಣೆಕಟ್ಟಿನ ಬುಡಕ್ಕೇ ಹರಿಯುತ್ತದೆ. ಅಲ್ಲಿಗೆ ಬಿದ್ದವನನ್ನು ಬೀಳುವ ನೀರು ಮುಳುಗಿಸುತ್ತದೆ, ಮೇಲೆದ್ದಾಗ ವಾಪಸು ಹರಿಯುವ ನೀರು ಮತ್ತೆ ಬುಡಕ್ಕೆ ಎಳೆದು ತರುತ್ತದೆ. ನದಿಯ ಬಂಡೆಯ ಹಿಂದಿನ ಮಗುಚುನೀರಿಗೆ ಎಲ್ಲಾದರೂ ಒಂದು ಬದಿ ತೆರೆದಿರುತ್ತದೆ. ಮನುಷ್ಯ ಕಟ್ಟಿದ ನೇರ ಗೋಡೆಗೆ ಈ ದಡದಿಂದ ಆ ದಡದವರೆಗೂ ಬಿಡುವೇ ಇಲ್ಲ. ಜಗತ್ತಿನ ರಕ್ಷಣಾ ಪಡೆಗಳವರು ಎತ್ತರದ ಜಲಪಾತಕ್ಕಿಂತ ಇಂಥ ಗಿಡ್ಡ ಅಣೆಕಟ್ಟಿಗೆ ಹೆಚ್ಚು ಹೆದರುವುದು ಇದಕ್ಕೇ. ನಂಬಿಕೆ ಬರದಿದ್ದರೆ ಸುರಕ್ಷಿತವಾಗಿ ದಡದ ಮೇಲೆ ನಿಂತು ನೋಡಿ. ತೇಲಿ ಬಂದ ತೆಂಗಿನಕಾಯಿಯೋ ಬಾಳೆದಿಂಡೋ ಅಣೆಕಟ್ಟು ಹಾರಿ ಬಿದ್ದ ಮೇಲೆ ಮುಂದೆ ಹೋಗದೆ, ಅಲ್ಲೇ ಮುಳುಗುತ್ತ ಏಳುತ್ತ ಹೊರಳುತ್ತಿರುತ್ತದೆ. ಹಲಗೆ ತೆಗೆದ ಮಳೆಗಾಲದಲ್ಲಿ ಅಪಾಯ ಬೇರೆ ರೂಪದ್ದು. ಕಿಂಡಿಗಳಲ್ಲಿ ಮರದ ದಿಮ್ಮಿಗಳು ಸಿಕ್ಕಿಕೊಂಡು, ಆಗಲೇ ಹೇಳಿದ ಗಂಜಿ ಬಸಿಯುವ ಕೆಲಸ ನಡೆಯುತ್ತಿರುತ್ತದೆ. ನೆರೆಯಲ್ಲಿ ತೇಲಿಬರುವ ಕಾಯಿ, ಕಟ್ಟಿಗೆ ಹಿಡಿಯಲು ಹಾರುವುದು ನಮ್ಮಲ್ಲಿ ಹಳೆಯ ಶೌರ್ಯ. ಒಂದು ತೆಂಗಿನಕಾಯಿಗೆ ಎಷ್ಟು ಬೆಲೆಯಾದರೂ ಅದು ಅಷ್ಟಕ್ಕಿಲ್ಲ.

2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಪೋಷಕರಿಗೆ ನೆನಪಿರಬಹುದು. ಅವರು ರಾಫ್ಟಿಂಗಿಗೆ ಹೋದವರಲ್ಲ. ಬಂಡೆಗಳ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದವರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟದ್ದರಿಂದ ಹೊಳೆ ಒಮ್ಮೆಲೇ ಏರಿತ್ತು. ಜಾಕೆಟ್ ಹಾಕಿ ತೆಪ್ಪದಲ್ಲಿ ಕುಳಿತವನನ್ನು ನೋಡಿ ಹೆದರುವ ನಾವು, ಏನನ್ನೂ ಹಾಕದೆ ಜೋಮ್ಲು ತೀರ್ಥದಲ್ಲೋ ಕೂಡ್ಲು ತೀರ್ಥದಲ್ಲೋ ಬಂಡೆಯ ಅಂಚಿನಲ್ಲಿ ನಿಂತವನ ಫೋಟೊ ನೋಡಿ ‘ಚೆನ್ನಾಗಿ ಬಂದಿದೆ’ ಎನ್ನುತ್ತೇವೆ. ಸರಿಯಾದ ರಾಫ್ಟಿಂಗ್‌ನಲ್ಲಿ ಒಂದು ದಿನ ಕಳೆದ ಹುಡುಗ ಅಂಥ ಬಂಡೆಯ ಮೇಲೆ ನಿಲ್ಲುವ ಮೊದಲು ಎರಡು ಸಲ ಯೋಚಿಸುತ್ತಾನೆ ಎಂಬ ಆಸೆಯಿಂದಲೇ, ನಾನು ಈ ಆಟದ ಪರವಾಗಿ ಮಾತನಾಡುವುದು.

ಸಹಿಗೆ ಮೊದಲು

ಇನ್ನು ಕೇಳಬೇಕಾದ ಪ್ರಶ್ನೆಗಳು. ಮೊದಲನೆಯದು ವಿಚಿತ್ರವಾಗಿ ಕಂಡೀತು. ‘ಈ ಹಂಗಾಮಿನಲ್ಲಿ ನೀವು ಎಷ್ಟು ದಿನ ರಾಫ್ಟಿಂಗ್ ರದ್ದು ಮಾಡಿದ್ದೀರಿ? ಯಾಕೆ?’ ಇದಕ್ಕೆ ಒಂದೆರಡು ದಿನಗಳನ್ನು, ಕಾರಣಗಳನ್ನು ಹೇಳುವವರನ್ನು ನಂಬಬಹುದು. ‘ನಮ್ಮಲ್ಲಿ ಒಂದು ದಿನವೂ ನಿಂತದ್ದಿಲ್ಲ ಸಾರ್’ ಎಂದು ಎದೆತಟ್ಟಿ ಹೇಳುವವರಿದ್ದರೆ ಕಾಗದವನ್ನು ಮಡಚಿ ಮಗನ ಕೈಗೆ ಕೊಡಿ. ಆಗುಂಬೆಯ ಕೆಳಗೆ ಹರಿಯುವ ಹೊಳೆಯಲ್ಲಿ ಒಂದು ದಿನವೂ ನಿಲ್ಲಿಸದವರು ಹೊಳೆಯನ್ನು ನೋಡುತ್ತಿಲ್ಲ ಎಂದೇ ಅರ್ಥ. ಮೇಲೆ ಮಳೆ ಎಷ್ಟಾಗಿದೆ ಎಂದು ತಿಳಿದುಕೊಳ್ಳುವುದು ಹೇಗೆ, ನೀರಿನ ಮಟ್ಟಕ್ಕೆ ಗುರುತಿನ ಕಲ್ಲು ಯಾವುದು, ಅದು ಮುಳುಗಿದರೆ ಏನು ಮಾಡುತ್ತೀರಿ ಎಂದೂ ಕೇಳಿ. ಬಲ್ಲವನಿಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ, ಖುಷಿಯಾಗುತ್ತದೆ.

ಎರಡನೆಯದು ಒಂದು ತೆಪ್ಪದಲ್ಲಿ ಎಷ್ಟು ಜನ ಎಂಬುದು. ಸಾಮಾನ್ಯ 14 ಅಡಿಯ ತೆಪ್ಪಕ್ಕೆ ಮಾರ್ಗದರ್ಶಕನ ಹೊರತು ಆರು, ಹೆಚ್ಚೆಂದರೆ ಎಂಟು. ಅದರ ಕೊಳವೆಗಳೊಳಗೆ ಗಾಳಿಯ ಕೋಣೆಗಳು ಬೇರೆ ಬೇರೆ ಇರುವುದರಿಂದ ಒಂದು ಹರಿದರೂ ತೆಪ್ಪ ಮುಳುಗುವುದಿಲ್ಲ. ಆದರೆ ಜನ ಹೆಚ್ಚಾದರೆ ಅದು ಹೇಳಿದ ಮಾತು ಕೇಳುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಉತ್ತರ ಕನ್ನಡದ ಗಣೇಶಗುಡಿ ಬಳಿ ಕಾಳಿ ನದಿಯಲ್ಲಿ ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿದ್ದ ತೆಪ್ಪವೊಂದು ಧುಮುಕುವ ನೀರಿನ ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ಮಕ್ಕಳೂ ಅದರಲ್ಲಿದ್ದರು. ಎಲ್ಲರನ್ನೂ ಉಳಿಸಿದ್ದು ಪುಣ್ಯ. ಆ ಚಿತ್ರವನ್ನು ಮೊಬೈಲುಗಳಲ್ಲಿ ನೋಡಿ ಇಡೀ ರಾಜ್ಯ ಬೆಚ್ಚಿತ್ತು.

ಜಾಕೆಟ್ಟಿನ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ಸಾಧಾರಣ ಮನುಷ್ಯನಿಗೆ ತಲೆ ಮೇಲಿಟ್ಟುಕೊಂಡು ತೇಲಲು ಬೇಕಾದ ಹೆಚ್ಚುವರಿ ಎತ್ತುಬಲ ಮೂರರಿಂದ ಐದು ಕಿಲೋ ಮಾತ್ರ. ಆದರೆ ನೊರೆ ಎಂದರೆ ಅರ್ಧ ಗಾಳಿ, ಅದರಲ್ಲಿ ದೇಹ ಹೆಚ್ಚು ಮುಳುಗುತ್ತದೆ. ಆದ್ದರಿಂದ ರಾಫ್ಟಿಂಗಿನ ಜಾಕೆಟ್ ದೋಣಿವಿಹಾರದ ಜಾಕೆಟ್ಟಿಗಿಂತ ದಪ್ಪವಿರಬೇಕು. ಎಲ್ಲ ಪಟ್ಟಿಗಳನ್ನು ಬಿಗಿದ ಮೇಲೆ ಭುಜದ ಪಟ್ಟಿಯನ್ನು ಹಿಡಿದು ಮೇಲಕ್ಕೆ ಜಗ್ಗಿ ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ನಿಮ್ಮ ಮಗುವಿನದಲ್ಲ. ನೀರಿನಲ್ಲಿ ಅದು ಮೇಲೆ, ಮಗು ಕೆಳಗೆ. ಚಿಕ್ಕವರಿಗೆ ಕಾಲಸಂದಿನ ಪಟ್ಟಿ ಇರಲೇಬೇಕು. ಹೆಲ್ಮೆಟ್ ಅಲುಗಾಡಬಾರದು. ಮಾರ್ಗದರ್ಶಕನ ಸೊಂಟದಲ್ಲಿ ಎಸೆಯುವ ಹಗ್ಗದ ಚೀಲ ಇದೆಯೇ, ತೆಪ್ಪದ ಮುಂದೆ ಒಂಟಿ ದೋಣಿಯಲ್ಲಿ ಹೋಗುವ ರಕ್ಷಕ ಇದ್ದಾನೆಯೇ, ಅರ್ಧದಲ್ಲಿ ನಿಲ್ಲಿಸಿದರೆ ರಸ್ತೆಗೆ ಬರಲು ದಾರಿ ಎಲ್ಲೆಲ್ಲಿದೆ, ಇವೂ ಕೇಳುವಂಥವೇ. ಹೊರಡುವ ಮುನ್ನ ಅರ್ಧಗಂಟೆಯಾದರೂ ಪಾಠ ಹೇಳಿ, ಶಾಂತ ನೀರಿನಲ್ಲಿ ಒಮ್ಮೆ ಎಲ್ಲರನ್ನೂ ಬೀಳಿಸಿ ಎತ್ತುವವರಿದ್ದರೆ ಇನ್ನೂ ಒಳ್ಳೆಯದು.

ವಯಸ್ಸಿನ ಬಗ್ಗೆ ನನ್ನ ಮಾತು ಕೆಲವರಿಗೆ ರುಚಿಸಲಿಕ್ಕಿಲ್ಲ. ಆಲ್ಪ್ಸ್‌ನಲ್ಲಿ ಎಂಟರ ಮಗು ಹೋಗುತ್ತದೆಂದು ಜುಲೈ ತಿಂಗಳ ಸೀತೆಗೆ ನಮ್ಮ ಎಂಟರ ಮಗುವನ್ನು ಇಳಿಸಬಾರದು. ನಮ್ಮ ದೇಶದ ನೊರೆ ನೀರಿನಲ್ಲಿ ಸಾಮಾನ್ಯವಾಗಿ ಹದಿನಾಲ್ಕನ್ನು ಕನಿಷ್ಠ ವಯಸ್ಸು ಎಂದು ಹಿಡಿಯುವುದು ಸುಮ್ಮನೆ ಅಲ್ಲ. ಹದಿನಾಲ್ಕಾದವರೂ ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರ್‌ನಲ್ಲೋ ನೀರು ಒಂದು ಹದಕ್ಕೆ ಬಂದಾಗ ಹೋಗುವುದು ಲೇಸು. ಅಬ್ಬರ ಕಡಿಮೆ, ಬಂಡೆಗಳೂ ಸ್ವಲ್ಪ ತಲೆ ತೋರಿಸುತ್ತವೆ.

ಮಳೆಯ ಚಂಚಲ ಬುದ್ಧಿಯೇ ಬೇಡ ಎನ್ನುವವರಿಗೆ ಕಾಳಿ ನದಿ ಇದೆ. ಅದು ನಡೆಯುವುದು ಮಳೆಗಾಲದ ಹೊರಗೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಕೆಳಗೆ ವಿದ್ಯುತ್ ಉತ್ಪಾದಿಸಿ ಬಿಟ್ಟ ನೀರಿನಲ್ಲಿ ದಾಂಡೇಲಿ ಕಡೆಯ ರಾಫ್ಟಿಂಗ್ ಬೆಳೆಯಿತು. ನಾಡಿಗೆ ವಿದ್ಯುತ್ ಬೇಕಾದಾಗ ನೀರು, ಬೇಡವಾದಾಗ ಇಲ್ಲ. ಹಿಮಕ್ಕೂ ಮಳೆಗೂ ಬದಲಾಗಿ ಅಲ್ಲಿ ನದಿಯ ದಿನಚರಿ ಬರೆಯುವವರು ವಿದ್ಯುದಾಗಾರದ ಎಂಜಿನಿಯರುಗಳು! ಹೋಗುವ ಮುನ್ನ ಆ ವಾರ ನೀರು ಬಿಡುತ್ತಾರೆಯೇ, ಅನುಮತಿ ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸುವುದು ಮುಖ್ಯ.

ಹತ್ತರ ಒಳಗಿನವರು ಹಠ ಹಿಡಿದರೆ ಅವರನ್ನು ಅದೇ ಸೀತೆಯ ಇನ್ನೊಂದು ತುದಿಗೆ ಕರೆದೊಯ್ಯಿರಿ. ಸಾಲಿಗ್ರಾಮದ ಪಾರಂಪಳ್ಳಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ, ಮಳೆ ನಿಂತ ತಿಂಗಳುಗಳಲ್ಲಿ ಕಯಾಕ್ ಎಂಬ ಪುಟ್ಟ ದೋಣಿ ನಡೆಸುವುದನ್ನು ಕಲಿಯಬಹುದು. ಹುಟ್ಟು ಹಿಡಿಯುವುದು, ದೋಣಿ ತಿರುಗಿಸುವುದು, ಜಾಕೆಟ್ಟಿನಲ್ಲಿ ತೇಲುವುದು ಎಲ್ಲವೂ ಅಲ್ಲೇ ಬರುತ್ತದೆ. ಅದಕ್ಕೂ ಮೊದಲು ಈಜು. ಹಲವು ಹೊಳೆ, ಒಂದು ಕಡಲು ಪಕ್ಕದಲ್ಲಿಟ್ಟುಕೊಂಡ ಜಿಲ್ಲೆಯಲ್ಲಿ ಈಜು ಬಾರದೆ ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳು ಇಷ್ಟೊಂದು ಇರುವುದು ವಿಚಿತ್ರ. ಅಜ್ಜರಕಾಡಿನಲ್ಲಿ ಈಜುಕೊಳವಿದೆ, ಬೇಸಗೆ ರಜೆಯೂ ಇದೆ. ಟ್ಯೂಶನ್ ನಡುವೆ ಒಂದು ಗಂಟೆ ಬಿಡುವು ಮಾಡಿಕೊಟ್ಟರೆ ಸಾಕು.

ಹೋಗುವುದೆಂದು ನಿರ್ಧಾರವಾದರೆ ಒಂದೆರಡು ಸಣ್ಣ ಮಾತು. ಕನ್ನಡಕಕ್ಕೆ ಹಿಂದಿನಿಂದ ದಾರ ಕಟ್ಟಿ. ಚಿನ್ನದ ಸರ, ಬೆಂಡೋಲೆ ಮನೆಯಲ್ಲೇ ಇರಲಿ. ಹವಾಯಿ ಚಪ್ಪಲಿ ನಡೆಯದು, ಹಳೆಯ ಕ್ಯಾನ್ವಾಸ್ ಶೂ ಒಳ್ಳೆಯದು. ಜೀನ್ಸ್ ಪ್ಯಾಂಟು ನೀರು ಕುಡಿದರೆ ಕಾಲಿಗೆ ಕಲ್ಲು ಕಟ್ಟಿದಂತೆ. ಹುಟ್ಟಿನ ತುದಿಯ ಹಿಡಿಯನ್ನು ಅಂಗೈಯಿಂದ ಮುಚ್ಚಿಯೇ ಹಿಡಿಯಬೇಕು, ಇಲ್ಲದಿದ್ದರೆ ಮೊದಲ ಅಲೆಗೇ ಅದು ಪಕ್ಕದವನ ಹಲ್ಲಿಗೆ ಬಡಿಯುತ್ತದೆ. ಮಕ್ಕಳಿಗೆ ಅಪಸ್ಮಾರ, ಉಬ್ಬಸ, ಇತ್ತೀಚೆಗೆ ಮೂಳೆ ಮುರಿದದ್ದು ಏನಾದರೂ ಇದ್ದರೆ ಮುಚ್ಚಿಡದೆ ಹೇಳಿ. ಕಾಡಿನ ದಾರಿಯಲ್ಲಿ ಉಂಬಳ ಇದ್ದೇ ಇರುತ್ತದೆ, ಒಂದು ಪೊಟ್ಟಣ ಉಪ್ಪು ಜೇಬಿನಲ್ಲಿರಲಿ. ಭಾನುವಾರ ಬೆಳಗ್ಗೆ ಹೊರಡುವ ಮುಂಚೆ ಆಗುಂಬೆಯಲ್ಲೋ ಸೋಮೇಶ್ವರದಲ್ಲೋ ಪರಿಚಯದವರಿದ್ದರೆ ಒಂದು ಫೋನ್ ಮಾಡಿ, ‘ರಾತ್ರಿ ಮಳೆ ಹೇಗಿತ್ತು ಮಾರಾಯ್ರೆ?’ ಎಂದು ಕೇಳಿ.